ವಾಚನಾಲಯದ ಕನ್ನಡ ಕಪಾಟು ಮತ್ತು ನಮ್ಮ ಮಕ್ಕಳು

(ಬೇಸಿಗೆ ರಜೆಯ ಅಧ್ಯಾಪಕ ತರಬೇತಿ ಶಿಬಿರದಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾಸರಗೋಡು, ಮಂಜೇಶ್ವರ ತಾಲೂಕುಗಳ ಗ್ರಾಮೀಣ ವಾಚನಾಲಯಗಳಲ್ಲಿ ಹಲವು ಕಡೆ ಕನ್ನಡದ ಕಪಾಟೊಂದು ಇದ್ದೇ ಇದೆ. ಅದರ ಬಾಗಿಲು ತೆರೆದು ಒಳಗಿನ ಪುಸ್ತಕಗಳನ್ನು ನೀವು ಪರೀಕ್ಷಿಸಿರಬಹುದು. ಮೇಲಿನ ತಟ್ಟೆಯಲ್ಲಿ ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು. ನಡುವೆ ಯಾರೋ ಮನೆ ಬದಲಿಸುವಾಗ ದಾನವಾಗಿ ಕೊಟ್ಟ ಕಾದಂಬರಿಗಳು. ತಳದಲ್ಲಿ ಗೆದ್ದಲಿನ ವಾಸನೆ. ಮಕ್ಕಳಿಗೆಂದು ಆರಿಸಿ ತಂದ ಪುಸ್ತಕಗಳು ಒಂದು ಕೈಯಲ್ಲಿ ಹಿಡಿಯುವಷ್ಟಿದ್ದರೆ ಪುಣ್ಯ. ಏಕೆ ಹೀಗೆ ಎಂದು ಗ್ರಂಥಪಾಲಕರನ್ನು ಕೇಳಿದರೆ ಅವರು ಪುಸ್ತಕ ವಿತರಣೆಯ ರಿಜಿಸ್ಟರನ್ನು ನಮ್ಮ ಮುಂದೆ ತೆರೆದಿಡುತ್ತಾರೆ. ಅದರಲ್ಲಿ ಕನ್ನಡ ಪುಸ್ತಕವನ್ನು ಒಯ್ದ ಮಕ್ಕಳ ಹೆಸರು ಹುಡುಕಬೇಕಾಗುತ್ತದೆ. ಆ ಉತ್ತರದಲ್ಲಿ ದ್ವೇಷವೇನೂ ಇಲ್ಲ. ಓದುವವರಿಲ್ಲದ ಪುಸ್ತಕವನ್ನು ಕೊಳ್ಳಲು ಸಮಿತಿಗೆ ಕಾರಣವಿಲ್ಲ. ಕೊಳ್ಳದ ಪುಸ್ತಕವನ್ನು ಓದಲು ಮಕ್ಕಳಿಗೆ ದಾರಿಯಿಲ್ಲ. ಈ ಸುಳಿಯನ್ನು ಎಲ್ಲಿ ಕತ್ತರಿಸಬೇಕು ಎಂಬುದೇ ಈ ಹೊತ್ತಿನ ನನ್ನ ವಿಷಯ.

ನಮ್ಮ ತರಗತಿಯಲ್ಲಿ ಕುಳಿತಿರುವ ಮಕ್ಕಳ ಮನೆಮಾತನ್ನು ಎಣಿಸಿ ನೋಡಿ. ತುಳು, ಮಲಯಾಳ, ಹವ್ಯಕ, ಕೊಂಕಣಿ, ಬ್ಯಾರಿ, ಮರಾಟಿ, ಉರ್ದು. ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳಿಕೊಳ್ಳುವ ಈ ಸಂಗತಿಗೆ ಶಾಲೆಯಲ್ಲಿ ಇನ್ನೊಂದು ಮುಖವಿದೆ. ಬಹುಪಾಲು ಮಕ್ಕಳಿಗೆ ಶಿಷ್ಟ ಕನ್ನಡವು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಭಾಷೆ. ಬಸ್ಸಿನ ಫಲಕ, ಅಂಗಡಿಯ ಬೋರ್ಡು, ಟಿ.ವಿ., ಕಚೇರಿಯ ಅರ್ಜಿ ಇವೆಲ್ಲ ಹೆಚ್ಚಾಗಿ ಬೇರೆ ಭಾಷೆಯಲ್ಲಿರುವಾಗ, ಪಠ್ಯಪುಸ್ತಕದ ಹೊರಗೆ ಕನ್ನಡದ ಅಚ್ಚಿನ ಅಕ್ಷರ ಮಗುವಿನ ಕಣ್ಣಿಗೆ ಬೀಳುವ ಸಾರ್ವಜನಿಕ ಸ್ಥಳಗಳಲ್ಲಿ ವಾಚನಾಲಯವೇ ಮುಖ್ಯವಾದುದು. ಪರೀಕ್ಷೆಗಾಗಿ ಮಾತ್ರ ಓದಿದ ಭಾಷೆ ಪರೀಕ್ಷೆಯೊಡನೆ ಮುಗಿಯುತ್ತದೆ. ಹತ್ತನೆಯ ತರಗತಿ ದಾಟಿದ ಮೇಲೆ ಕನ್ನಡದ ಒಂದು ಪುಟವನ್ನೂ ಓದದ ನಮ್ಮ ಹಳೆವಿದ್ಯಾರ್ಥಿಗಳನ್ನು ನಾವೆಲ್ಲ ಬಲ್ಲೆವು.

ಕೇರಳದಲ್ಲಿ ನಮಗಿರುವ ಅನುಕೂಲವನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲ. ಇಲ್ಲಿನ ಗ್ರಂಥಾಲಯಗಳು ಊರವರೇ ಕಟ್ಟಿ, ಊರವರ ಸಮಿತಿಯೇ ನಡೆಸುವ ಸಂಸ್ಥೆಗಳು. ರಾಜ್ಯ ಗ್ರಂಥಾಲಯ ಪರಿಷತ್ತು ಅವುಗಳಿಗೆ ಮಾನ್ಯತೆಯನ್ನೂ ದರ್ಜೆಗನುಸಾರವಾಗಿ ಅನುದಾನವನ್ನೂ ನೀಡುತ್ತದೆ. 1945ರಲ್ಲಿ 47 ಗ್ರಂಥಾಲಯಗಳನ್ನು ಒಂದುಗೂಡಿಸಿ ತಿರುವಿದಾಂಕೂರಿನಲ್ಲಿ ಗ್ರಂಥಾಲಯ ಸಂಘವನ್ನು ಕಟ್ಟಿದ ಪಿ.ಎನ್. ಪಣಿಕ್ಕರ್ ಅವರು ವೃತ್ತಿಯಿಂದ ನಮ್ಮಂತೆಯೇ ಶಾಲಾ ಅಧ್ಯಾಪಕರಾಗಿದ್ದರು. ಅವರು ತೀರಿಕೊಂಡ ಜೂನ್ 19 ಇಂದು ವಾಚನ ದಿನವಾಗಿದೆ. ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯದಲ್ಲಿ 1948ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಜಾರಿಗೆ ಬಂದುದರ ಹಿಂದೆ ಎಸ್.ಆರ್. ರಂಗನಾಥನ್ ಅವರ ದುಡಿಮೆಯಿತ್ತು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂಬ ಅರ್ಥದ ಅವರ ಸೂತ್ರಗಳನ್ನು ತರಬೇತಿ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಕನ್ನಡ ಕಪಾಟಿನ ಮುಂದೆ ನಿಂತಾಗ ಆ ಎರಡನೆಯ ಮಾತು ಹೆಚ್ಚು ಚುಚ್ಚುತ್ತದೆ.

ಇನ್ನು ಚಟುವಟಿಕೆಗಳ ಮಾತು. ವಾಚನಾಲಯಗಳಲ್ಲಿ ಮಕ್ಕಳಿಗಾಗಿ ಬಾಲವೇದಿ ಎಂಬ ಘಟಕವಿರುತ್ತದೆ. ನಮ್ಮ ಊರಿನ ಬಾಲವೇದಿ ಮಲಯಾಳದಲ್ಲಿ ನಡೆಯುತ್ತದೆ ಎಂದು ದೂರ ನಿಲ್ಲುವುದು ಸರಿಯಲ್ಲ. ತಿಂಗಳಿಗೊಂದು ಶನಿವಾರ ಸಂಜೆ ಒಂದು ಗಂಟೆ ಕನ್ನಡದಲ್ಲಿ ನಡೆಸುತ್ತೇವೆ ಎಂದು ಕೇಳಿಕೊಂಡರೆ ಬಾಗಿಲು ಮುಚ್ಚುವ ಸಮಿತಿಗಳು ವಿರಳ. ಒಪ್ಪಿಗೆ ದೊರೆತ ಮೇಲೆ ಆ ಒಂದು ಗಂಟೆಯನ್ನು ತರಗತಿಯ ಮುಂದುವರಿಕೆಯಾಗಿಸದಿರುವುದೇ ನಿಜವಾದ ಕಷ್ಟ.

ಮೊದಲನೆಯ ಸ್ಥಾನ ಗಟ್ಟಿ ಓದಿಗೆ. ಓದುವವರು ನಾವು, ಕೇಳುವವರು ಮಕ್ಕಳು. ಇದನ್ನು ಒಂದನೆಯ ತರಗತಿಯ ಕೆಲಸವೆಂದು ಬಗೆಯಬೇಡಿ. ಏಳನೆಯ ತರಗತಿಯ ಹುಡುಗರೂ ಗೋಡೆಗೆ ಒರಗಿ ಕಿವಿಗೊಡುತ್ತಾರೆ. ಮನೆಯಲ್ಲಿ ಕನ್ನಡದ ಏರಿಳಿತ ಕಿವಿಗೆ ಬೀಳದ ಮಗುವಿಗೆ ವಾಕ್ಯ ಎಲ್ಲಿ ಉಸಿರು ಬಿಡುತ್ತದೆ ಎಂಬುದನ್ನು ಕಣ್ಣು ಕಲಿಸಲಾರದು, ಕಿವಿಯೇ ಕಲಿಸಬೇಕು. ಪುಸ್ತಕವನ್ನು ಮುನ್ನವೇ ಎರಡು ಸಲ ಓದಿಕೊಂಡಿರಬೇಕು. ಚಿತ್ರವಿರುವ ಪುಟವನ್ನು ಮಕ್ಕಳತ್ತ ತಿರುಗಿಸಿ, ಅವರು ನೋಡಿ ಮುಗಿಸುವವರೆಗೆ ಸುಮ್ಮನಿರಬೇಕು. ನಡುನಡುವೆ ಪದಾರ್ಥ ಹೇಳಬಾರದು. ಹತ್ತು ಪದಗಳಲ್ಲಿ ಎರಡು ತಿಳಿಯದಿದ್ದರೂ ಕತೆ ನಡೆಯುತ್ತದೆ; ಆ ಎರಡಕ್ಕಾಗಿ ಕತೆಯನ್ನು ನಿಲ್ಲಿಸಿದರೆ ಹತ್ತೂ ಹೋಗುತ್ತವೆ. ಕತೆ ಮುಗಿದ ಮೇಲೆ ನೀತಿ ಏನೆಂದು ಕೇಳುವ ನಮ್ಮ ರೂಢಿಯನ್ನು ವಾಚನಾಲಯದ ಹೊಸ್ತಿಲಲ್ಲಿಯೇ ಬಿಟ್ಟು ಒಳಗೆ ಹೋಗಬೇಕು.

ಹೀಗೆ ಓದುವಾಗ ಮನೆಮಾತುಗಳು ತಾವಾಗಿ ಎದ್ದು ಬರುತ್ತವೆ. ನಾನು ನೋಡಿದ ಒಂದು ಬಾಲವೇದಿಯಲ್ಲಿ ಕತೆಯೊಳಗೆ ಹಲಸಿನಕಾಯಿ ಬಂದಿತು. ಒಬ್ಬಳು ಪೆಲಕಾಯಿ ಎಂದಳು, ಇನ್ನೊಬ್ಬ ಚಕ್ಕ ಎಂದ, ಮೂಲೆಯಿಂದ ಪೊಣಸು ಎಂಬ ದನಿ ಬಂತು. ಎಳೆಯದಾದರೆ ಅದು ಗುಜ್ಜೆ ಎಂದು ಮೊದಲಿನವಳೇ ತಿದ್ದುಪಡಿ ತಂದಳು. ಅಧ್ಯಾಪಿಕೆ ಅದನ್ನು ತಡೆಯಲಿಲ್ಲ. ಒಂದು ದೊಡ್ಡ ಕಾಗದದ ಮೇಲೆ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆಸಿ ಗೋಡೆಗೆ ಅಂಟಿಸಿದರು. ಮುಂದಿನ ತಿಂಗಳುಗಳಲ್ಲಿ ಮೀನು, ಮಳೆ, ನೆಂಟಸ್ತಿಕೆಗಳ ಪದಗಳಿಂದ ಆ ಗೋಡೆ ತುಂಬಿತು. ತುಳು ಆಡಿದರೆ ದಂಡ ಎಂಬಂಥ ಮನೋಭಾವ ನಮ್ಮಲ್ಲಿ ಕೆಲವರಲ್ಲಿ ಇನ್ನೂ ಉಳಿದಿದೆ. ಮನೆಮಾತನ್ನು ಹೊರಗೆ ನಿಲ್ಲಿಸಿ ಬಾ ಎಂದರೆ ಮಗುವೂ ಹೊರಗೆಯೇ ನಿಲ್ಲುತ್ತದೆ.

ಎರಡನೆಯದು ನಮ್ಮ ನೆಲಕ್ಕೇ ಸೇರಿದ್ದು. ಯಕ್ಷಗಾನದ ರಾಮಾಯಣ ಪ್ರಸಂಗಗಳ ಕರ್ತೃವೆಂದು ಪ್ರಸಿದ್ಧನಾದ ಪಾರ್ತಿಸುಬ್ಬನ ಊರು ಕುಂಬಳೆ. ವೇಷವಿಲ್ಲದೆ, ಕುಳಿತಲ್ಲಿಯೇ, ಭಾಗವತರ ಹಾಡಿಗೆ ಅರ್ಥ ಹೇಳುವ ತಾಳಮದ್ದಳೆಗಿಂತ ಉತ್ತಮವಾದ ಭಾಷಾ ಚಟುವಟಿಕೆಯನ್ನು ಯಾವ ಶಿಕ್ಷಣ ಶಾಸ್ತ್ರದ ಗ್ರಂಥದಲ್ಲಿಯೂ ನಾನು ಕಂಡಿಲ್ಲ. ತುಳುವನ್ನೋ ಹವ್ಯಕವನ್ನೋ ಮನೆಯಲ್ಲಿ ಆಡುವವರು ರಾತ್ರಿಯಿಡೀ ಶಿಷ್ಟ ಕನ್ನಡದಲ್ಲಿ, ಕಾಗದ ನೋಡದೆ, ಎದುರಾಳಿಯ ಮಾತಿಗೆ ಸರಿಯಾಗಿ ಉತ್ತರ ಕೊಡುವ ಕಲೆ ಅದು. ಮಕ್ಕಳಿಗೆ ರಾತ್ರಿಯಿಡೀ ಬೇಡ, ಇಪ್ಪತ್ತು ನಿಮಿಷ ಸಾಕು. ವಾಲಿವಧೆಯನ್ನು ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟುದು ಸರಿಯೆ ಎಂದು ಬಿದ್ದಿರುವ ವಾಲಿ ಕೇಳುತ್ತಾನೆ, ರಾಮ ಉತ್ತರಿಸಬೇಕು. ಎರಡೂ ಕಡೆಯವರು ವಾಚನಾಲಯದ ರಾಮಾಯಣದ ಪುಸ್ತಕಗಳನ್ನು ಓದಿ ಬರಬೇಕು, ಆದರೆ ಮಾತಾಡುವಾಗ ಪುಸ್ತಕ ಮುಚ್ಚಿರಬೇಕು. ಮುಂದಿನ ವಾರ ಪಾತ್ರಗಳನ್ನು ಅದಲುಬದಲು ಮಾಡಿ. ಪುರಾಣದ ಕತೆಯೇ ಆಗಬೇಕೆಂದಿಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದಿಸಿ, ಮಾತಿಗೆ ತಪ್ಪಿದ ಗೌಡನನ್ನೂ ಜೋಗಿಯನ್ನೂ ಎದುರುಬದುರು ಕೂರಿಸಬಹುದು. ಗೌಡನ ಪಕ್ಷ ವಹಿಸಲು ಯಾರೂ ಒಪ್ಪುವುದಿಲ್ಲ ಎಂದುಕೊಳ್ಳಬೇಡಿ; ಅದಕ್ಕೇ ಜಗಳವಾಗುತ್ತದೆ.

ಚಿತ್ರ ಬರೆಯುವುದು, ಭಿತ್ತಿಪತ್ರಿಕೆ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ನೆನಪಿನ ‘ಗಿಳಿವಿಂಡು’ವಿಗೆ ಒಂದು ದಿನದ ಭೇಟಿ ಇವೆಲ್ಲ ನಿಮಗೆ ತಿಳಿದವೇ, ವಿಸ್ತರಿಸುವುದಿಲ್ಲ. ಆದರೆ ಸ್ಪರ್ಧೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಗ್ರಂಥಾಲಯ ಪರಿಷತ್ತಿನ ವಾಚನ ಸ್ಪರ್ಧೆಗಳಿಗೆ ನಮ್ಮ ಮಕ್ಕಳನ್ನು ಸಿದ್ಧಗೊಳಿಸುವುದು ಒಳ್ಳೆಯದೇ. ಆದರೆ ಎಷ್ಟೋ ಕಡೆ ಆ ಸಿದ್ಧತೆ ರಸಪ್ರಶ್ನೆಯ ತರಬೇತಿಯಾಗಿ ಇಳಿದಿದೆ: ಕವಿ ಹುಟ್ಟಿದ ವರ್ಷ, ಪ್ರಶಸ್ತಿ ಬಂದ ಕೃತಿ, ಕಾವ್ಯನಾಮ. ಪುಸ್ತಕವನ್ನು ತೆರೆಯದೆಯೇ ಇವಕ್ಕೆ ಉತ್ತರಿಸಬಹುದು. ಅದೇ ರೀತಿ, ಓದಿದ ಪ್ರತಿಯೊಂದು ಪುಸ್ತಕಕ್ಕೂ ಟಿಪ್ಪಣಿ ಬರೆಯಲೇಬೇಕೆಂಬ ಕಟ್ಟಳೆ. ಟಿಪ್ಪಣಿ ಬರೆಯಬೇಕಾಗುತ್ತದೆಂದು ತೆಳ್ಳನೆಯ ಪುಸ್ತಕವನ್ನೇ ಆರಿಸುವ ಜಾಣರು ನಮ್ಮ ಮಕ್ಕಳು. ಇಷ್ಟಪಟ್ಟುದನ್ನು ಗೆಳೆಯನಿಗೆ ಹೇಳಿದರೆ ಸಾಕೆಂದು ಬಿಡೋಣ.

ಯಾವ ಪುಸ್ತಕ ಕೊಡಬೇಕು? ಎಳೆಯರಿಗೆ ನಾನು ಮೊದಲು ಹೇಳುವ ಹೆಸರು ಪಂಜೆ ಮಂಗೇಶರಾಯರದು (1874–1937). ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕತೆಯನ್ನು ಒಣಮೀನಿನ ವಾಸನೆ ಬಲ್ಲ ಉಪ್ಪಳದ ಮಗುವಿಗೆ ವಿವರಿಸಬೇಕಾಗಿಲ್ಲ. ಪ್ರಶ್ನೆಯ ಕೊನೆಗೆ ಇನ್ನೊಂದು ಪ್ರಶ್ನೆ ಸರಪಳಿಯಂತೆ ಸೇರುವ ಈ ಬಗೆಯ ಕತೆಗಳಲ್ಲಿ ವಾಕ್ಯದ ಒಂದೇ ಅಚ್ಚು ಮರಳಿ ಮರಳಿ ಬರುವುದರಿಂದ, ಕನ್ನಡ ಹೊಸದಾಗಿರುವ ಮಗುವೂ ಮೂರನೆಯ ಸಲಕ್ಕೆ ದನಿಗೂಡಿಸುತ್ತದೆ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು, ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ನಮ್ಮವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮಕ್ಕಳ ಪದ್ಯಗಳು ಇದರ ಜೊತೆಗಿರಲಿ. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಪ್ರಥಮ್ ಬುಕ್ಸ್ ಸಂಸ್ಥೆಗಳ ಚಿತ್ರಪುಸ್ತಕಗಳು ಕನ್ನಡದಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. ಕಪಾಟಿನ ಕಳೆ ಬದಲಾಗಲು ಇಂಥ ಮೂವತ್ತು ಪುಸ್ತಕಗಳು ಸಾಕು. ಅನುವಾದ ಬಿಗುವಾಗಿರುವ ಕೆಲವೂ ಅವುಗಳಲ್ಲಿವೆ. ಆದುದರಿಂದ ಕೊಳ್ಳುವ ಮುನ್ನ ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತೊಡರಿದರೆ ಬಿಟ್ಟುಬಿಡಿ.

ಹಿರಿಯ ಪ್ರಾಥಮಿಕದವರಿಗೆ ‘ತೊತ್ತೋ-ಚಾನ್’ ಕೊಡಿ, ನೀವೂ ಓದಿ. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ ಗಾಂಧೀಜಿಯನ್ನು ಭಾಷಣದ ಪೀಠದಿಂದ ಕೆಳಗಿಳಿಸಿ ಮಕ್ಕಳ ಪಕ್ಕ ಕೂರಿಸುತ್ತದೆ; 2010ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಒಂದು ಅಧ್ಯಾಯ ಓದಿ ನಿಲ್ಲಿಸಿದರೆ ಸಾಕು, ಉಳಿದುದಕ್ಕೆ ಮಕ್ಕಳೇ ಸರದಿ ಹಚ್ಚುತ್ತಾರೆ. ಶಿವರಾಮ ಕಾರಂತರು ಪುತ್ತೂರಿನಲ್ಲಿದ್ದು ಸಿದ್ಧಪಡಿಸಿದ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಎಲ್ಲಾದರೂ ಕಂಡರೆ ಮಕ್ಕಳ ಕೈಗಿಡಿ. ವಿಜ್ಞಾನದ ಸಂಗತಿಗಳು ಹಳತಾಗಿವೆ, ಆದರೆ ಮಗುವಿಗೆ ಒಂದು ವಸ್ತುವನ್ನು ಕನ್ನಡದಲ್ಲಿ ಹೇಗೆ ತಿಳಿಹೇಳಬೇಕು ಎಂಬುದು ಹಳತಾಗಿಲ್ಲ. ನಾಟಕ ಬೇಕೆಂದರೆ ವೈದೇಹಿಯವರ ‘ನಾಯಿಮರಿ ನಾಟಕ’, ಬಿ.ವಿ. ಕಾರಂತರ ‘ಪಂಜರ ಶಾಲೆ’. ಗಿಣಿಗೆ ಶಿಕ್ಷಣ ಕೊಡುವ ಈ ಎರಡನೆಯದನ್ನು ಆಡಿಸುವ ಮೊದಲು ಅಧ್ಯಾಪಕರ ಕೊಠಡಿಯಲ್ಲಿ ಒಮ್ಮೆ ಓದುವುದು ಒಳಿತು.

ಪ್ರೌಢಶಾಲೆಯವರಿಗೆ ಇನ್ನೊಂದು ಪ್ರಯೋಗ. ಬಷೀರರ ‘ಪಾತುಮ್ಮಳ ಆಡು’ ಕನ್ನಡಕ್ಕೂ ಬಂದಿದೆ. ಮಲಯಾಳ ಓದಬಲ್ಲವನು ಮೂಲವನ್ನು, ಪಕ್ಕದವನು ಕನ್ನಡವನ್ನು ಹಿಡಿದು ಒಂದೊಂದು ಪುಟ ಹೋಲಿಸಲಿ. ಎಲ್ಲಿ ನಗೆ ಉಳಿಯಿತು, ಎಲ್ಲಿ ಜಾರಿತು ಎಂದು ಅವರೇ ಕಂಡುಕೊಳ್ಳುತ್ತಾರೆ. ಎರಡು ಭಾಷೆ ಬಲ್ಲುದು ಕೊರತೆಯಲ್ಲ, ಕಸುಬು ಎಂದು ತಿಳಿಯುವುದು ಇಂತಹ ಕಡೆ.

ಕೊನೆಯದಾಗಿ ಲೆಕ್ಕದ ಮಾತು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೂರನೆಯ ವಾರವೇ ವಾಚನ ದಿನ. ಅಲ್ಲಿಂದ ಜುಲೈ 7ರವರೆಗೆ ವಾಚನ ಪಕ್ಷಾಚರಣೆ. ಶಾಲೆಯಲ್ಲಿ ಪ್ರತಿಜ್ಞೆ ಹೇಳಿಸಿ ಮುಗಿಸುವ ಬದಲು, ಆ ಅವಧಿಯಲ್ಲಿ ನಾಲ್ಕರಿಂದ ಮೇಲಿನ ತರಗತಿಯ ಮಕ್ಕಳನ್ನು ಹತ್ತಿರದ ವಾಚನಾಲಯಕ್ಕೆ ಕರೆದೊಯ್ದು ಸದಸ್ಯರನ್ನಾಗಿಸಿ. ಮಳೆಗಾಲವಾದುದರಿಂದ ಪುಸ್ತಕಕ್ಕೊಂದು ಪ್ಲಾಸ್ಟಿಕ್ ಚೀಲ ಜೊತೆಗಿರಲಿ. ಒದ್ದೆಯಾದ ಪುಸ್ತಕ ತಂದ ಮಗು ಎರಡನೆಯ ಸಲ ಬರಲು ಹೆದರುತ್ತದೆ. ಪ್ರತಿಯೊಂದು ಮಗುವೂ ಹದಿನೈದು ದಿನಕ್ಕೊಂದು ಕನ್ನಡ ಪುಸ್ತಕ ಒಯ್ದರೆ ರಿಜಿಸ್ಟರಿನ ಪುಟಗಳು ತಾವಾಗಿ ಮಾತಾಡುತ್ತವೆ. ನೀವು ಸ್ವತಃ ಸದಸ್ಯರಾಗಿ ಸಮಿತಿಯ ಸಭೆಗೆ ಹೋಗಿ. ಜಿಲ್ಲಾ ಗ್ರಂಥಾಲಯ ಪರಿಷತ್ತಿನ ಪುಸ್ತಕೋತ್ಸವಕ್ಕೆ ಸಮಿತಿಯವರು ಕೊಳ್ಳಲು ಹೊರಡುವ ಮುನ್ನ ಅವರ ಕೈಯಲ್ಲಿ ನಿಮ್ಮ ಪಟ್ಟಿ ಇರಬೇಕು: ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಬೆಲೆ, ಯಾವ ವಯಸ್ಸಿಗೆ. ಕನ್ನಡ ಓದಲು ಬಾರದ ಕಾರ್ಯದರ್ಶಿಯವರೂ ಇರುತ್ತಾರೆ. ಪಟ್ಟಿಯನ್ನು ಮಲಯಾಳ ಲಿಪಿಯಲ್ಲಿಯೂ ಬರೆದು ಕೊಡಿ. ಕನ್ನಡ ಪ್ರಕಾಶಕರು ಅಲ್ಲಿಗೆ ಬರದಿದ್ದರೆ ಮಂಗಳೂರಿನ ಅಂಗಡಿಗಳಿಂದ ತರಿಸುವ ಏರ್ಪಾಡನ್ನು ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ.

ಈಗ ನಿಮ್ಮ ಮುಂದಿನ ಮೇಜಿನ ಮೇಲೆ ನಲವತ್ತು ಪುಸ್ತಕಗಳಿವೆ. ಇಬ್ಬರಿಬ್ಬರಾಗಿ ಒಂದೊಂದನ್ನು ಆರಿಸಿಕೊಳ್ಳಿ. ಚಹಾದ ನಂತರ ಪ್ರತಿಯೊಬ್ಬರೂ ಐದು ನಿಮಿಷ ನಮಗೆಲ್ಲ ಗಟ್ಟಿಯಾಗಿ ಓದಿ ಕೇಳಿಸಬೇಕು. ಆಮೇಲೆ ಶಾಲೆಗೊಂದರಂತೆ ಹತ್ತು ಪುಸ್ತಕಗಳ ಪಟ್ಟಿಯನ್ನು ಇಲ್ಲಿಯೇ ಬರೆದು ಮುಗಿಸೋಣ.