ಮನೆಯೊಳಗಿನ ದುಡಿಮೆ

2020ರ ಲಾಕ್‌ಡೌನಿನಲ್ಲಿ ಪೇಟೆಯವರು ಮನೆಯಲ್ಲೇ ಕುಳಿತು ಕಚೇರಿ ಕೆಲಸ ಮಾಡಿ, ಇದು ಹೊಸತೆಂದರು. ಕಾಸರಗೋಡಿನ ಕಡೆ ಬೀಡಿ ಕಟ್ಟುವ ತಾಯಂದಿರಿಗೆ ಇದು ಎಷ್ಟೋ ಹಳೆಯದು.

ಮನೆಯಲ್ಲಿ ಗಂಟೆ ಹೊಡೆಯುವವರಿಲ್ಲ. ಒಲೆಯ ಮೇಲೆ ಅನ್ನ, ತೊಟ್ಟಿಲಲ್ಲಿ ಮಗು, ಅಂಗಳದಲ್ಲಿ ನೆಂಟರು. ಕೈ ನಿಂತರೆ ಸಾವಿರ ತುಂಬುವುದಿಲ್ಲ. ಅವಸರದಲ್ಲಿ ಕಟ್ಟಿದರೆ ಬ್ರಾಂಚಿನಲ್ಲಿ ತೆಗೆದುಹಾಕುತ್ತಾರೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಹೇಳುವುದು ಮೂರೇ ಮಾತು. ಒಂದು, ಎಲೆ, ನೂಲು, ಕತ್ತರಿ ಎಲ್ಲ ಮೊದಲೇ ಕೈಗೆಟಕುವಂತಿರಲಿ. ಎರಡು, ಬೆಳಕಿರುವ ಒಂದು ಮೂಲೆ, ಗೊತ್ತಾದ ಹೊತ್ತು ಇರಲಿ; ನಡುನಡುವೆ ಎದ್ದು ಬೆನ್ನು ನೆಟ್ಟಗೆ ಮಾಡಿ. ಹೊಗೆಸೊಪ್ಪಿನ ಹುಡಿ ಮಗುವಿನಿಂದ ದೂರವಿರಲಿ. ಮೂರು, ಕೊಟ್ಟ ಬೀಡಿಯ ಲೆಕ್ಕವನ್ನು ಅಂದೇ ನಿಮ್ಮ ಹೆಸರಿನ ಪುಸ್ತಕದಲ್ಲಿ ಬರೆಸಿ. ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಎಂದು 1966ರ ಬೀಡಿ ಕಾರ್ಮಿಕರ ಕಾಯಿದೆಯೇ ಒಪ್ಪಿತ್ತು. ಪಿ.ಎಫ್. ಕೇಳುವಾಗ ಆ ಬರವಣಿಗೆಯೇ ಆಧಾರ. ಅತ್ತೆಯ ಪುಸ್ತಕದಲ್ಲಿ ಸೊಸೆ ಕಟ್ಟಿದರೆ ದುಡಿಮೆ ಸೊಸೆಯದು, ದಾಖಲೆ ಅತ್ತೆಯದು.

ಗಂಡಸರಿಗೂ ಒಂದು ಮಾತು. ಮನೆಯಲ್ಲಿ ಕುಳಿತವಳು ಬಿಡುವಾಗಿದ್ದಾಳೆಂದು ತಿಳಿಯಬೇಡಿ. ಅವಳ ಕೈಯಲ್ಲಿ ಕತ್ತರಿ ಇರುವಾಗ ಚಾ ಕೇಳಬೇಡಿ. ನೀವೇ ಮಾಡಿ, ಅವಳಿಗೂ ಒಂದು ಲೋಟ ಕೊಡಿ.