ಮುರಿದ ಮೊಣಕೈಗೆ ಯಾರ ಕೈ?

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಅನೇಕರು ಕೇಳುತ್ತಲೇ ಇದ್ದಾರೆ: 'ಅಮೆರಿಕದಾಗಿರೋ ಮಗ ಫಿಜಿಕಲ್ ಥೆರಪಿ ಮಾಡ್ಸು ಅಂತಾನ್ರಿ. ಇಲ್ಲಿ ಬೋರ್ಡಿನ ಮ್ಯಾಲೆ ಫಿಸಿಯೋಥೆರಪಿ ಅಂತೈತಿ. ಇದು ಕಮ್ಮಿ ದರ್ಜೆದೇನ್ರಿ?'

ಅಲ್ಲವೇ ಅಲ್ಲ. ಎರಡೂ ಒಂದೇ ವೃತ್ತಿ. 1951ರಲ್ಲಿ ಹುಟ್ಟಿದ ಇದರ ಜಾಗತಿಕ ಒಕ್ಕೂಟ ಮೊದಲು ಫಿಜಿಕಲ್ ಥೆರಪಿ ಹೆಸರಿನಲ್ಲೇ ಇತ್ತು. 2020ರಲ್ಲಿ ವರ್ಲ್ಡ್ ಫಿಸಿಯೋಥೆರಪಿ ಆಯಿತು. ಓದಿನಲ್ಲಿ ವ್ಯತ್ಯಾಸ ಉಂಟು. ಅಮೆರಿಕದಲ್ಲಿ ಪದವಿ ಮುಗಿಸಿದ ಮೇಲೆ ಡಾಕ್ಟರೇಟ್ ಮಟ್ಟದ ವ್ಯಾಸಂಗ. ಇಲ್ಲಿ ಪಿಯುಸಿ ಮುಗಿಸಿ ಬಿಪಿಟಿ, ನಾಲ್ಕು ವರ್ಷದ ಪಾಠ, ಆಮೇಲೆ ಇಂಟರ್ನ್‌ಶಿಪ್. 2021ರ ಕೇಂದ್ರ ಕಾಯ್ದೆಯೂ ಈ ವೃತ್ತಿಯನ್ನು ಮಾನ್ಯ ಮಾಡಿದೆ.

ನನಗೆ ಚಿಂತೆ ಈ ಹೆಸರುಗಳದ್ದಲ್ಲ, ಮುರಿದ ಕೈಗೆ ಎಣ್ಣೆ ಹಚ್ಚಿ ತಿಕ್ಕಿಸುವುದರದ್ದು. ಹಂಪಿ ಕಡೆ ಮಕ್ಕಳು ಬಂಡೆ ಹತ್ತುತ್ತಾರೆ, ಬೀಳುತ್ತಾರೆ, ಮೊಣಕೈ ಮುರಿಯುತ್ತದೆ. ಮೊಣಕೈಯ ಮುಂದಿನ ಮಾಂಸಖಂಡ ಮೂಳೆಗೇ ಅಂಟಿಕೊಂಡಿರುತ್ತದೆ. ಬಿದ್ದಾಗ ಅದರೊಳಗೆ ರಕ್ತ ತುಂಬುತ್ತದೆ. ಸುಮ್ಮನೆ ಬಿಟ್ಟರೆ ಕರಗುತ್ತದೆ. ತಿಕ್ಕಿದರೆ ಇನ್ನಷ್ಟು ರಕ್ತ, ಇನ್ನಷ್ಟು ಬಾವು. ಕೊನೆಗೆ ಮಾಂಸದೊಳಗೇ ಮೂಳೆ ಕಟ್ಟಬಹುದು. ಇನ್ನೊಮ್ಮೆ ಹೇಳುತ್ತೇನೆ: ಮಾಂಸ ಇರಬೇಕಾದಲ್ಲಿ ಮೂಳೆ! ಹೀಗೆ ಕೈ ಸೆಟೆದ ಹುಡುಗನೊಬ್ಬನನ್ನು ನೋಡಿದ್ದೇನೆ. ರೊಟ್ಟಿಯ ತುತ್ತು ಬಾಯಿಗೆ ಮುಟ್ಟದೆ, ತಲೆಯನ್ನೇ ತಟ್ಟೆಗೆ ಬಗ್ಗಿಸಿ ಉಣ್ಣುತ್ತಿದ್ದ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ನೆಟ್ಟಗಾಗಲಿ ಅಂತ ನೀರು ತುಂಬಿದ ಬಕೆಟ್ ಹಿಡಿಸುತ್ತಾರಲ್ಲ, ಅದೂ ಬೇಡ. ಎಳೆದರೂ ಅದೇ ಗಾಯ, ಅದೇ ಮೂಳೆ. ಎಷ್ಟು ಸಲ ಹೇಳಿದರೂ 'ನಮ್ಮಜ್ಜಿ ಹಂಗೇ ಮಾಡ್ತಿದ್ಲು' ಅನ್ನುತ್ತಾರೆ. ಅಜ್ಜಿಯ ಪ್ರೀತಿ ದೊಡ್ಡದು, ಆದರೆ ಆಕೆ ಎಕ್ಸ್‌ರೇ ನೋಡಿರಲಿಲ್ಲ.

ಫಿಸಿಯೋಥೆರಪಿಸ್ಟ್ ಮಗುವಿನ ಕೈ ಎಳೆಯುವುದಿಲ್ಲ. ಮಗುವೇ ತನ್ನ ಬಲದಿಂದ, ನೋವು ಏರದಷ್ಟು, ಮಡಚಿ ಚಾಚುವಂತೆ ಮಾಡಿಸುತ್ತಾರೆ. ಕರೆಂಟು, ಶಾಖ ಇಡಲಿಲ್ಲ ಅಂತ ಜಗಳ ಆಡಬೇಡಿ. ಈ ಮಡಚಿ ಚಾಚುವುದೇ ಚಿಕಿತ್ಸೆ. ಮನೆಯಲ್ಲೂ ದಿನಕ್ಕೆ ಹಲವು ಬಾರಿ ಮಾಡಿಸಿ.

ಹೋಗುವ ಮೊದಲು ಬಿಪಿಟಿ ಓದಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಪ್ಲಾಸ್ಟರ್ ಇರುವಾಗ ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಬೆರಳು ಚಾಚಿದಾಗ ಮಗು ಚೀರಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.