ಭಾವಚಿತ್ರಕ್ಕೆ ತಕ್ಕ ಮಸೂರ



ಬಾದಾಮಿಯ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನೆಂಬ ವೀರನ ಶಾಸನವಿರುವುದನ್ನು ತಾವು ಬಲ್ಲಿರಿ. ಸುಮಾರು ಕ್ರಿ. ಶ. 700ರ ಕಾಲದ್ದೆಂದು ವಿದ್ವಾಂಸರು ಎಣಿಸಿರುವ ಆ ಶಾಸನವು ಅವನ ಗುಣವೆಂಥದೆಂಬುದನ್ನು ಕೆಲವೇ ಪಂಕ್ತಿಗಳಲ್ಲಿ ನಮಗೆ ತಿಳಿಸುತ್ತದೆ. ಆದರೆ ಅವನ ಮುಖ ಹೇಗಿದ್ದಿತೋ ಬಲ್ಲವರಿಲ್ಲ. ಈ ಕಾಲದ ಸಾಮಾನ್ಯ ಮನುಷ್ಯನ ಸ್ಥಿತಿ ಇದಕ್ಕೆ ವಿಪರೀತವಾದುದು. ಅವನ ಗುಣವನ್ನು ಕಲ್ಲಿನಲ್ಲಿ ಕೊರೆಯಿಸುವವರಿಲ್ಲ; ಪಡಸಾಲೆಯ ಗೋಡೆಯ ಮೇಲಿನ ಒಂದು ಭಾವಚಿತ್ರವೇ ಅವನಿಗೆ ಶಾಸನ. ಆಲಮಟ್ಟಿಯ ಹಿನ್ನೀರು ಏರಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಡೆಯಾದಾಗ, ನವನಗರಕ್ಕೆ ಬಂದ ಮನೆಮಂದಿ ತೊಲೆ ಬಾಗಿಲುಗಳೊಡನೆ ಹಿರಿಯರ ಪಟಗಳನ್ನೂ ಜೋಪಾನವಾಗಿ ತಂದರು. ಮನೆ ಹೋದರೂ ಮುಖ ಉಳಿಯಲೆಂಬುದು ಮನುಷ್ಯನ ಸಹಜವಾದ ಆಸೆ.

ಹೀಗಿರುವಾಗ, ಮನೆಯವರ ಮುಖವನ್ನು ತಾವೇ ಚೆನ್ನಾಗಿ ತೆಗೆದಿಡಬೇಕೆನ್ನುವ, ಆದರೆ ಹೆಚ್ಚು ಹಣವನ್ನು ವೆಚ್ಚ ಮಾಡಲಾರದ ಗೃಹಸ್ಥನು ಕ್ಯಾಮರಾಕ್ಕೆ ಎಂಥ ಮಸೂರವನ್ನು, ಎಂದರೆ ಬಳಕೆಯ ಮಾತಿನ ಲೆನ್ಸನ್ನು, ಕೊಳ್ಳಬೇಕು ಎಂಬುದೇ ಈ ಹೊತ್ತಿನ ವಿಷಯ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕಾಗಿದೆ. ‘ಅಗ್ಗದ ಲೆನ್ಸು ಮುಖವನ್ನು ವಿಕಾರ ಮಾಡುತ್ತದೆ’ ಎಂದು ಹೇಳುವವರುಂಟು. ಮುಖದ ಆಕಾರವನ್ನು ಕೆಡಿಸುವುದು ಬಹುಮಟ್ಟಿಗೆ ಲೆನ್ಸಲ್ಲ, ನಾವು ನಿಂತ ದೂರ. ಮೂಗಿನ ತುದಿಯಿಂದ ಕಿವಿಯವರೆಗೆ ಸುಮಾರು 5 ಅಂಗುಲದ ಅಂತರವೆಂದಿಟ್ಟುಕೊಳ್ಳಿ. ಮೊಬೈಲನ್ನು ಒಂದು ಅಡಿಯ ದೂರದಲ್ಲಿ ಹಿಡಿದರೆ ಮೂಗು 12 ಅಂಗುಲದಲ್ಲಿಯೂ ಕಿವಿ 17 ಅಂಗುಲದಲ್ಲಿಯೂ ಇರುತ್ತವೆ. ಆದುದರಿಂದ ಕಿವಿಯ ಅಳತೆಗೆ ಹೋಲಿಸಿದರೆ ಮೂಗು ಶೇಕಡಾ 40ರಷ್ಟು ದೊಡ್ಡದಾಗಿ ಮೂಡುತ್ತದೆ. ಆರು ಅಡಿ ಹಿಂದೆ ಸರಿದರೆ ಈ ಅಂಕಿಗಳು 72 ಮತ್ತು 77 ಆಗುತ್ತವೆ. ವ್ಯತ್ಯಾಸ ಶೇಕಡಾ 7ಕ್ಕೆ ಇಳಿಯುತ್ತದೆ. ನಾವು ಒಬ್ಬರೊಡನೊಬ್ಬರು ಕುಳಿತು ಮಾತನಾಡುವಾಗ ಕಾಣುವ ಮುಖ ಹೆಚ್ಚು ಕಡಮೆ ಇದೇ. ಆದ್ದರಿಂದ ಭಾವಚಿತ್ರಕ್ಕೆ ತಕ್ಕ ಮಸೂರವೆಂದರೆ, ಐದರಿಂದ ಎಂಟು ಅಡಿಗಳ ದೂರದಲ್ಲಿ ನಿಂತಾಗ ಚಿತ್ರದ ಚೌಕಟ್ಟನ್ನು ಮನುಷ್ಯನಿಂದ ತುಂಬಿಸತಕ್ಕ ಮಸೂರ, ಅಷ್ಟೆ.

ಇದನ್ನು ಕಂಡುಹಿಡಿಯುವ ಗಣಿತ ಬಹಳ ಸುಲಭವಾದುದು. ಚಿತ್ರದೊಳಗೆ ಬರಬೇಕಾದ ಎತ್ತರವನ್ನು ಮಸೂರದ ಸಂಗಮದೂರದಿಂದ ಗುಣಿಸಿ, ಕ್ಯಾಮರಾದ ಸೆನ್ಸರಿನ ಉದ್ದನೆಯ ಬದಿಯಿಂದ ಭಾಗಿಸಿದರೆ, ನಿಲ್ಲಬೇಕಾದ ದೂರವು ಸ್ಥೂಲವಾಗಿ ದೊರೆಯುತ್ತದೆ. ಸಾಧಾರಣ ಬೆಲೆಯ ಕ್ಯಾಮರಾಗಳಲ್ಲಿ ಸೆನ್ಸರು ಸುಮಾರು 24 ಮಿಲಿಮೀಟರು ಉದ್ದ. ದುಬಾರಿಯಾದ ಪೂರ್ಣ ಅಳತೆಯವುಗಳಲ್ಲಿ 36 ಮಿಲಿಮೀಟರು. ತಲೆಯಿಂದ ಸೊಂಟದವರೆಗೆ 3 ಅಡಿ ಬೇಕಾದರೆ, ಚಿಕ್ಕ ಸೆನ್ಸರಿನ ಮೇಲೆ 50 ಮಿಲಿಮೀಟರಿನ ಮಸೂರಕ್ಕೆ ಆರೂಕಾಲು ಅಡಿ ಸಾಕು. 85 ಮಿಲಿಮೀಟರಿನದಕ್ಕೆ ಹತ್ತೂವರೆ ಅಡಿಯನ್ನು ಮೀರುತ್ತದೆ. ಆಳೆತ್ತರದ ಚಿತ್ರಕ್ಕೆ 6 ಅಡಿಯ ಎತ್ತರ ಹಿಡಿದರೆ ಮೊದಲನೆಯದಕ್ಕೆ ಹನ್ನೆರಡೂವರೆ, ಎರಡನೆಯದಕ್ಕೆ ಇಪ್ಪತ್ತೊಂದು ಅಡಿಗೂ ಹೆಚ್ಚು.

ಈ ಗಣಿತವನ್ನು ನಾನು ಕಲಿತದ್ದು ಹಣವನ್ನು ಕೊಟ್ಟ ಮೇಲೆ. ‘ಭಾವಚಿತ್ರಕ್ಕೆ 85ನ್ನು ಬಿಟ್ಟರೆ ಇಲ್ಲ’ ಎಂದು ಯಾರೋ ಹೇಳಿದ ಮಾತನ್ನು ನಂಬಿ, ಕೂಡಿಟ್ಟಿದ್ದ ಹಣವನ್ನೆಲ್ಲ ಸುರಿದು ಅದನ್ನು ಕೊಂಡೆನು. ನನ್ನ ದೊಡ್ಡವ್ವ ಇಳಕಲ್ಲಿನಲ್ಲಿ ನೇಯುತ್ತಿದ್ದಳು. ಅವಳ ಚಿತ್ರವನ್ನು ಮಗ್ಗದ ಮುಂದೆಯೇ ತೆಗೆಯಬೇಕೆಂದು ನನ್ನ ಹಂಬಲ. ಮಗ್ಗದ ಮನೆಯಲ್ಲಿ ಮಗ್ಗ ಹಿಡಿದು ಉಳಿದ ಜಾಗ ಒಂಬತ್ತು ಅಡಿ. ನಾನು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ತಗುಲಿಸಿದೆ, ಹೊಸ್ತಿಲು ದಾಟಿದೆ, ಕೊನೆಗೆ ಬೀದಿಗೇ ಇಳಿದೆ. ಅವಳು ಲಾಳಿಯನ್ನು ನಿಲ್ಲಿಸಿ, “ಏನೋ ತಮ್ಮಾ, ಹಿಂದ ಸರದು ಸರದು ಓಣಿಗೇ ಹೋದೆಲ್ಲೋ! ನನ್ನ ಫೋಟೋ ತಗೀತಿಯೋ, ಓಣೀದ ತಗೀತಿಯೋ?” ಎಂದು ನಕ್ಕಳು. ಆ ನಗು ನನ್ನ ಕಣ್ಣಿಗೆ ದೊರೆಯಿತು, ಕ್ಯಾಮರಾಕ್ಕೆ ದೊರೆಯಲಿಲ್ಲ. ‘ಮುಂದಿನ ಸಲ ಬೇರೆ ಲೆನ್ಸು ತರುತ್ತೇನೆ’ ಎಂದು ಹೇಳಿ ಹಿಂದಿರುಗಿದೆನು.

ಆದುದರಿಂದ ನನ್ನ ಮೊದಲನೆಯ ಸಲಹೆ: ಕೊಳ್ಳುವ ಮೊದಲು ಚಿತ್ರವನ್ನು ತೆಗೆಯುವ ಮನೆಯನ್ನು ಅಳೆಯಿರಿ. ಕ್ಯಾಮರಾದೊಡನೆ ಬರುವ 18ರಿಂದ 55 ಮಿಲಿಮೀಟರಿನ ಲೆನ್ಸು ಹೇಗೂ ಕೈಯಲ್ಲಿರುತ್ತದೆ. ಅದನ್ನು ಒಂದು ವಾರ 50ರಲ್ಲಿಯೂ ಇನ್ನೊಂದು ವಾರ 35ರಲ್ಲಿಯೂ ತಿರುಗಿಸದಂತೆ ನಿಲ್ಲಿಸಿ ಮನೆಯವರ ಚಿತ್ರಗಳನ್ನು ತೆಗೆದು ನೋಡಿ. ಯಾವುದು ಒಗ್ಗುತ್ತದೆಯೋ ಅದೇ ತಮ್ಮ ಮಸೂರ. ಇದಕ್ಕೆ ಕಾಸಿನ ಖರ್ಚಿಲ್ಲ.

ಹಾಗಿದ್ದರೆ ಆ ಲೆನ್ಸೇ ಏಕೆ ಸಾಲದು ಎಂದು ಕೇಳಬಹುದು. ಸಾಲದಿರುವುದು ಬೆಳಕಿನ ವಿಷಯದಲ್ಲಿ. 55 ಮಿಲಿಮೀಟರಿನಲ್ಲಿ ಅದರ ಬೆಳಕಿನ ದ್ವಾರ ಎಫ್ 5.6ಕ್ಕಿಂತ ಅಗಲವಾಗಿ ತೆರೆಯದು. 50 ಮಿಲಿಮೀಟರಿನ ಅಗ್ಗದ ಮಸೂರ ಎಫ್ 1.8ರವರೆಗೆ ತೆರೆಯುತ್ತದೆ. ಬೆಳಕು ಈ ಅಂಕಿಗಳ ವರ್ಗದ ಪ್ರಮಾಣದಲ್ಲಿ ಬದಲಾಗುವುದರಿಂದ ಒಳಗೆ ಬರುವ ಬೆಳಕು ಹತ್ತಿರ ಹತ್ತಿರ ಹತ್ತು ಮಡಿಯಾಗುತ್ತದೆ. ನಮ್ಮ ಕಡೆಯ ಮಾಳಿಗೆ ಮನೆಯ ಮಬ್ಬಿನಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕಾಗಿದ್ದ ಚಿತ್ರ ನೂರನೆಯ ಒಂದು ಭಾಗದಲ್ಲಿ ಮುಗಿಯುತ್ತದೆ. ಮುಪ್ಪಿನಿಂದ ತಲೆ ನಡುಗುವ ಅಜ್ಜನ ಮುಖ ಮೊದಲನೆಯದರಲ್ಲಿ ಕದಡುತ್ತದೆ. ಎರಡನೆಯದರಲ್ಲಿ ಅಲುಗದೆ ನಿಲ್ಲುತ್ತದೆ. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್‌ನು ಭಾವಚಿತ್ರಕ್ಕೆಂದೇ ಮಸೂರವನ್ನು ರಚಿಸಿದುದೂ ಇದೇ ಕಾರಣದಿಂದ. ಎಫ್ 3.6ರ ಆ ಮಸೂರವು ಹಿಂದಿನವುಗಳಿಗಿಂತ ಹತ್ತು ಮಡಿಗೂ ಮಿಕ್ಕು ಬೆಳಕನ್ನು ತಂದು, ಅಲುಗಾಡದೆ ನಿಮಿಷಗಟ್ಟಲೆ ಕುಳಿತಿರುವ ಶಿಕ್ಷೆಯನ್ನು ಬಹುಮಟ್ಟಿಗೆ ತಪ್ಪಿಸಿತು. ಅಂದು ಶ್ರೀಮಂತರ ಕೈಗೆ ಮಾತ್ರ ಎಟಕುತ್ತಿದ್ದ ಸೌಕರ್ಯ ಇಂದು ಎಲ್ಲಕ್ಕಿಂತ ಅಗ್ಗದ ಮಸೂರದಲ್ಲಿದೆ.

ಆದರೆ ದ್ವಾರವನ್ನು ಸದಾ ಪೂರ್ತಿ ತೆರೆದಿಡುವುದು ಹೊಸಬರ ಚಪಲ. ಚಿಕ್ಕ ಸೆನ್ಸರಿನ ಮೇಲೆ ಈ ಮಸೂರವನ್ನು ಎಫ್ 1.8ರಲ್ಲಿಟ್ಟು ನಾಲ್ಕು ಅಡಿಯಿಂದ ಬರಿಯ ಮುಖವನ್ನು ತೆಗೆದರೆ, ಸ್ಪಷ್ಟವಾಗಿ ಮೂಡುವ ಆಳ ಸುಮಾರು ಒಂದೂವರೆ ಅಂಗುಲ ಮಾತ್ರ. ಕಣ್ಣು ಸ್ಪಷ್ಟವಾದರೆ ಕಿವಿಯೋಲೆ ಮಂಜಾಗುತ್ತದೆ. ಇಳಕಲ್ಲ ಸೀರೆಯುಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಕುಳಿತ ಮುತ್ತೈದೆಯ ಚಿತ್ರದಲ್ಲಿ ಟೋಪತೆನಿ ಸೆರಗಿನ ಬಿಳಿಯ ತೆನೆಗಳು ಮಸುಕಾದರೆ ಅವಳು ಒಪ್ಪುವಳೇ? ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ನೇಯ್ದ ಕೈಯ ಶ್ರಮವೆಲ್ಲ ಅಲ್ಲಿಯೇ ಇದೆ. ಆರು ಅಡಿಗೆ ಸರಿದು ದ್ವಾರವನ್ನು ಎಫ್ 4ಕ್ಕೆ ಇಳಿಸಿದರೆ ಸುಮಾರು ಎಂಟು ಅಂಗುಲದಷ್ಟು ಆಳ ಸ್ಪಷ್ಟವಾಗಿ, ಮುಖ ಸೆರಗುಗಳೆರಡೂ ಉಳಿಯುತ್ತವೆ. ಎಫ್ 1.8 ಎಂಬುದು ಆಪದ್ಧನವಿದ್ದಂತೆ. ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆಯಲ್ಲಿ, ನಾಟಕದ ತಂಬುವಿನ ಹೊರಗೆ ರಾತ್ರಿಯ ದೀಪದಲ್ಲಿ ಗೆಳೆಯನ ಮುಖವನ್ನು ತೆಗೆಯುವಾಗ ಅದನ್ನು ಖರ್ಚು ಮಾಡಬೇಕು.

ಇನ್ನು ಆಯ್ಕೆ. ಚಿಕ್ಕ ಸೆನ್ಸರಿನ ಕ್ಯಾಮರಾ ಉಳ್ಳವರು ಕಣ್ಣು ಮುಚ್ಚಿ 50 ಮಿಲಿಮೀಟರ್ ಎಫ್ 1.8ನ್ನು ಕೊಳ್ಳಬಹುದು. ಕ್ಯಾನನ್, ನಿಕಾನ್, ಸೋನಿ ಮೂವರೂ ಇಂಥದನ್ನು ತಯಾರಿಸಿದ್ದಾರೆ. ಮನೆ ಬಹಳ ಇಕ್ಕಟ್ಟಾದರೆ, ಅಥವಾ ಆಳಿನೊಡನೆ ಮಗ್ಗವೂ ಕಾಣಬೇಕಾದರೆ 35 ಮಿಲಿಮೀಟರಿನದು ಲೇಸು. ಪೂರ್ಣ ಅಳತೆಯ ಸೆನ್ಸರಿಗೆ 85 ಯೋಗ್ಯವೇ. ಸೊಂಟದವರೆಗಿನ ಚಿತ್ರಕ್ಕೆ ಅಲ್ಲಿ ಏಳು ಅಡಿ ಸಾಕು. ಹಣ ಸಾಲದವರು ಅಲ್ಲಿಯೂ 50ನ್ನೇ ಹಾಕಿ, ಆರು ಅಡಿಯಲ್ಲಿಯೇ ನಿಂತು, ಅಂಚನ್ನು ಆಮೇಲೆ ಕತ್ತರಿಸಿಕೊಳ್ಳಬಹುದು. ಮೊಬೈಲೊಂದೇ ಇರುವವರು ಅದರಲ್ಲಿ ದೂರದ ಲೆನ್ಸು ಇದ್ದರೆ ಅದನ್ನು ಆರಿಸಿ ಹಿಂದೆ ಸರಿಯುವುದೊಂದನ್ನು ಕಲಿತರೆ ಅರ್ಧ ವಿದ್ಯೆ ಬಂದಂತೆ.

ಹಳೆಯ ಮಾಲನ್ನು ಕೊಳ್ಳುವವರು ಕೆಲವು ಎಚ್ಚರಿಕೆಗಳನ್ನು ವಹಿಸಬೇಕು. ನಿಕಾನಿನ ಡಿ 3000, ಡಿ 5000 ಮೊದಲಾದ ಅಗ್ಗದ ವರ್ಗದ ಕ್ಯಾಮರಾಗಳ ಒಡಲಿನಲ್ಲಿ ಲೆನ್ಸನ್ನು ತಿರುಗಿಸುವ ಮೋಟಾರಿಲ್ಲ. ಅವಕ್ಕೆ ಹಳೆಯ ‘ಡಿ’ ಮಾದರಿಯ 50ನ್ನು ಹಾಕಿದರೆ ಕೈಯಿಂದಲೇ ತಿರುಗಿಸಿ ಸ್ಪಷ್ಟತೆಯನ್ನು ಹೊಂದಿಸಬೇಕಾಗುತ್ತದೆ. 2011ರಲ್ಲಿ ಬಂದ ‘ಜಿ’ ಮಾದರಿಯಲ್ಲಿ ಮೋಟಾರು ಲೆನ್ಸಿನಲ್ಲಿಯೇ ಇದೆ. ಕ್ಯಾನನ್ನಿನ 1990ರ ಮಾದರಿಯ 50ಕ್ಕೆ ಕ್ಯಾಮರಾಕ್ಕೆ ಕೂಡುವ ಬಳೆ ಪ್ಲಾಸ್ಟಿಕ್ಕಿನದು, 2015ರದಕ್ಕೆ ಲೋಹದ್ದು. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ಎರಡನೆಯದನ್ನೇ ಆರಿಸುವುದು ವಿವೇಕ. ಲೆನ್ಸಿನ ಹಿಂದಿನಿಂದ ಬ್ಯಾಟರಿಯ ಬೆಳಕನ್ನು ಬಿಟ್ಟು ಮುಂದಿನಿಂದ ನೋಡಿರಿ: ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಎಷ್ಟು ಅಗ್ಗವಾದರೂ ಬೇಡ. ದ್ವಾರದ ಎಸಳುಗಳ ಮೇಲೆ ಎಣ್ಣೆಯ ಪಸೆ ಇರಬಾರದು. ಒಂದು ವೃತ್ತಪತ್ರಿಕೆಯನ್ನು ಓರೆಯಾಗಿ ಹಾಸಿ, ನಡುವಿನ ಒಂದು ಸಾಲಿಗೆ ಗುರಿಯಿಟ್ಟು ಎಫ್ 1.8ರಲ್ಲಿ ತೆಗೆದು, ಅದೇ ಸಾಲು ಸ್ಪಷ್ಟವಾಗಿದೆಯೇ ಎಂದು ಅಂಗಡಿಯಲ್ಲಿಯೇ ಪರೀಕ್ಷಿಸಬೇಕು.

ಉಳಿದ ಹಣದಲ್ಲಿ ಏನನ್ನು ಕೊಳ್ಳಬೇಕು? ಒಂದು ಬಿಳಿಯ ಪಂಚೆ ಸಾಕೆಂದು ನಾನು ಹೇಳುತ್ತೇನೆ. ಮಾಳಿಗೆಯ ಬೆಳಕಿಂಡಿಯ ಕೆಳಗೆ ಕೂರಿಸಿದರೆ ಬೆಳಕು ನೆತ್ತಿಯ ಮೇಲೆ ಬಿದ್ದು ಕಣ್ಣುಗಳು ಕುಳಿಗಳಾಗುತ್ತವೆ. ತಲೆಬಾಗಿಲಿನ ಒಳಗೆ ಎರಡು ಹೆಜ್ಜೆ ಹಿಂದೆ, ಮುಖವನ್ನು ಬಾಗಿಲ ಕಡೆಗೆ ತುಸು ಹೊರಳಿಸಿ ಕೂರಿಸಿರಿ. ನೆರಳಿನ ಕೆನ್ನೆಗೆ ಪಂಚೆಯನ್ನು ಹಿಡಿದು ಬೆಳಕನ್ನು ಮರಳಿಸಿರಿ. ಹುನಗುಂದದ ಎರೆಹೊಲದ ನಡುಹಗಲಿನಲ್ಲಿ ಬೇವಿನ ಮರದ ದಟ್ಟನೆಯ ನೆರಳೇ ಸ್ಟುಡಿಯೋ. ಬಾದಾಮಿಯಲ್ಲಿ ಮಾತ್ರ ಜೋಕೆ: ಬಿಸಿಲು ಬಿದ್ದ ಕೆಂಪು ಮರಳುಗಲ್ಲಿನ ಬಂಡೆಯೆದುರು ನಿಂತವರ ಮುಖಕ್ಕೂ ಆ ಕೆಂಪು ಅಡರುತ್ತದೆ. ಅಲ್ಲಿ ಕ್ಯಾಮರಾದ ಬಣ್ಣದ ಹೊಂದಾಣಿಕೆಯನ್ನು ಬಿಳಿಯ ಪಂಚೆಯ ಮೇಲೆಯೇ ಸರಿಪಡಿಸಿಕೊಳ್ಳಬೇಕು.

ನನ್ನ ಕಥೆಯ ಶೇಷವನ್ನು ಹೇಳಿ ಮುಗಿಸುತ್ತೇನೆ. ಆ 85ನ್ನು ನಷ್ಟಕ್ಕೆ ಮಾರಿ 50ನ್ನು ಕೊಂಡೆನು. ಅದನ್ನು ಕೊಂಡು ಇಳಕಲ್ಲಿಗೆ ಹೋಗುವುದು ಇಂದು ನಾಳೆ ಎಂದು ಏಳೆಂಟು ತಿಂಗಳು ತಡವಾಯಿತು. ಹೋದುದು ದೊಡ್ಡವ್ವನ ದಿನಕರ್ಮಕ್ಕೆ. ಪಡಸಾಲೆಯಲ್ಲಿ ಹೂವಿನ ಮಾಲೆ ಹಾಕಿದ್ದ ಪಟ, ಆಧಾರ್ ಚೀಟಿಯಲ್ಲಿದ್ದ ಹೆಬ್ಬೆರಳಗಲದ ಮುಖವನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವಳು ಯಾರಿಗೋ ಹೆದರಿದಂತೆ ನೋಡುತ್ತಿದ್ದಾಳೆ. ಓಣಿಗೆ ಇಳಿದವನನ್ನು ಕಂಡು ನಕ್ಕ ಮುಖ ಅದಲ್ಲ. ಅವಳ ಮೊಮ್ಮಕ್ಕಳ ಮಕ್ಕಳಿಗೆ ಮಾತ್ರ ಅದೇ ದೊಡ್ಡವ್ವನಾಗಿ ಉಳಿಯುತ್ತದೆ.

ಅಂದು ನನ್ನ ಚೀಲದಲ್ಲಿ ಕ್ಯಾಮರಾದೊಡನೆ ಬಂದ ಆ ಹಳೆಯ ಲೆನ್ಸೂ ಇದ್ದಿತು. ಅದನ್ನು ಹಾಕಿ, ಅವಳನ್ನು ಬಾಗಿಲ ಬೆಳಕಿಗೆ ಕರೆದಿದ್ದರೆ ಸಾಕಾಗಿತ್ತು. ಆದುದರಿಂದ ಮಹಾಶಯರೆ, ಮಸೂರವನ್ನು ಅಳೆದು ಸುರಿದು, ವಿಚಾರ ಮಾಡಿಯೇ ಕೊಳ್ಳಿರಿ. ಆದರೆ ಕೊಳ್ಳುವವರೆಗೆ ಕಾಯಬೇಡಿ. ಮನೆಯಲ್ಲಿ ಹಿರಿಯರಿದ್ದರೆ, ಇರುವ ಲೆನ್ಸಿನಲ್ಲಿಯೇ, ಈ ಭಾನುವಾರವೇ, ಒಂದು ಚಿತ್ರವನ್ನು ತೆಗೆದಿಡಿರಿ.